ಕೆಂಪು ಚುಕ್ಕೆಯ ಬೋಲ್ಟು

ಹಳೇ ಜೀಪು ಕೊಳ್ಳಲು ಬಂದವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಸೀಟಿನಲ್ಲಿ ಕೂತು ಹಾರ್ನ್ ಒತ್ತುತ್ತಾರೆ. ಅಂಥ ಜೀಪುಗಳನ್ನು ರಿಪೇರಿ ಮಾಡಿ ಮಾರುತ್ತಿದ್ದ ಅಣ್ಣನಿಗೆ ಇಂಥವರನ್ನು ಕಂಡರೆ ಮೈ ಉರಿಯುತ್ತಿತ್ತು. ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿಯನ್ನು ಅದರಡಿ ಮಲಗಿ ನೋಡಬೇಕು, ನಿಂತು ನೋಡುವುದಾದರೆ ಫೋಟೋ ಸಾಕಲ್ಲ ಎನ್ನುತ್ತಿದ್ದ. ಗಾಡಿಯ ಭಾರ ಹೊರುವ ಅಡಿಚೌಕಟ್ಟು, ಚಾಸಿಯ ಉದ್ದಕ್ಕೂ ಸುತ್ತಿಗೆಯಿಂದ ತಟ್ಟಬೇಕು. ಠಣ್ ಎಂದರೆ ಕಬ್ಬಿಣ, ಡಬ್ ಎಂದರೆ ತುಕ್ಕಿನ ಮೇಲೆ ಮೆತ್ತಿದ ಪುಟ್ಟಿ. ಗೇರ್‌ಬಾಕ್ಸಿನ ಆಯಿಲ್ ಇಳಿಸಿ ಬೆರಳುಗಳ ನಡುವೆ ಉಜ್ಜಬೇಕು. ಹೊಳೆಯುವ ಪುಡಿ ಸಿಕ್ಕರೆ ಒಳಗೆ ಹಲ್ಲು ಸವೆಯುತ್ತಿದೆ ಎಂದು ಅರ್ಥ. ಮಾರುವ ಗಾಡಿಯ ಅಡಿಗೆ ಹೊಸ ಕಪ್ಪು ಬಣ್ಣ ಬಳಿಯಲೇಬಾರದು. ಏನೋ ಮುಚ್ಚಿಟ್ಟಿದ್ದಾರೆ ಎಂದು ಗಿರಾಕಿಗೆ ಅನುಮಾನ ಬರುತ್ತದೆ, ಬರಬೇಕಾದ್ದೇ.

ಇದನ್ನೆಲ್ಲ ಅವನು ಕಲಿಸಿದ್ದು ತಮ್ಮನಿಗೆ. ತಮ್ಮನಿಗೆ ಐವತ್ತೆರಡು ದಾಟಿ ನೆತ್ತಿ ಬೋಳಾಗಿದ್ದರೂ ಅಣ್ಣನ ಬಾಯಲ್ಲಿ ಇನ್ನೂ ಪುಟ್ಟ, ಮಿಕ್ಕವರಿಗೆ ಪುಟ್ಟಣ್ಣ.

ಅವರ ಶೆಡ್ಡಿನಲ್ಲಿ ಬೇರೆಲ್ಲೂ ಇಲ್ಲದ ಒಂದು ಕಟ್ಟುನಿಟ್ಟಿತ್ತು. ಬೋಲ್ಟು ಬಿಗಿದು ಕೆಲಸ ಮುಗಿಸಿದವನು ಅದರ ತಲೆಗೆ ಕೆಂಪು ಬಣ್ಣದ ಚುಕ್ಕೆ ಇಡಬೇಕು. ಚುಕ್ಕೆ ಬಿತ್ತೆಂದರೆ ಇನ್ನೊಬ್ಬ ಮುಟ್ಟುವ ಹಾಗಿಲ್ಲ. ಅಣ್ಣ ಚುಕ್ಕೆ ಇಟ್ಟ ಬೋಲ್ಟನ್ನು ಮೂವತ್ತು ವರ್ಷದಲ್ಲಿ ಪುಟ್ಟಣ್ಣ ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ. ದೂರದಿಂದ ಬಂದವರೂ ಬಗ್ಗಿ ಆ ಚುಕ್ಕೆ ಹುಡುಕುತ್ತಿದ್ದರು, ಕಂಡರೆ ಚೌಕಾಸಿ ಮಾಡದೆ ಗಾಡಿ ಒಯ್ಯುತ್ತಿದ್ದರು.

ಹಾಗೆ ಒಯ್ದವಳು ಗುಡ್ಡದ ಮೇಲಿನ ದನಕರು ನೋಡಲು ಹೋಗುವ ಪಶುವೈದ್ಯೆ. ನಾಲ್ಕನೇ ದಿನ ಅವಳ ಜೀಪು ಲಾರಿಗೆ ಕಟ್ಟಿಸಿಕೊಂಡು ವಾಪಸ್ ಬಂತು. ಏರಿನ ನಡುವೆ ಕಿರ್ರೆಂದು ಕಿರುಚಿ ಜಾಮ್ ಆಗಿತ್ತಂತೆ. ಅವಳು ಜಗಳಕ್ಕೆ ಬರಲಿಲ್ಲ, ಬೈದಿದ್ದರೇ ವಾಸಿಯಿತ್ತು.

"ಹತ್ತೋವಾಗ ನಿಂತಿದ್ದಕ್ಕೆ ಬಚಾವಾದೆ," ಅಂದಳು. "ಇಳಿಯೋವಾಗ ಆಗಿದ್ರೆ?"

ಪುಟ್ಟಣ್ಣ ಜೀಪಿನಡಿ ಸರಿದ. ಮುಂದಿನ ಚಕ್ರಗಳಿಗೂ ಎಳೆತ ಹಂಚುವ ಚಿಕ್ಕ ಗೇರ್‌ಬಾಕ್ಸನ್ನು ಬಿಚ್ಚಿದ. ಒಳಗೆ ಒಂದು ತೊಟ್ಟು ಆಯಿಲ್ ಇಲ್ಲ, ಹಲ್ಲುಗಳು ಸುಟ್ಟು ನೀಲಿಯಾಗಿದ್ದವು. ಎಲ್ಲೂ ಸೋರಿದ ಗುರುತಿಲ್ಲ. ಆಯಿಲ್ ಇಳಿಸುವ ಬೋಲ್ಟಿನ ಮೇಲೆ ಕೆಂಪು ಚುಕ್ಕೆ ಅಚ್ಚುಕಟ್ಟಾಗಿ ಕೂತಿತ್ತು.

ಅವತ್ತು ಮಧ್ಯಾಹ್ನ ಊಟವಾದ ಮೇಲೆ ಉತ್ತರ ಪುಟ್ಟಣ್ಣನ ಕಣ್ಣಿಗೇ ಬಿತ್ತು. ನಿನ್ನೆಯಷ್ಟೇ ಎಲ್ಲ ಮುಗಿಸಿ ನಿಲ್ಲಿಸಿದ್ದ ಗಾಡಿಯಡಿ ಅಣ್ಣ ಮಲಗಿದ್ದ. ಬೋಲ್ಟು ಬಿಚ್ಚಿ ಆಯಿಲ್ ಇಳಿಸಿದ, ಬೆರಳಲ್ಲಿ ಉಜ್ಜಿ ನೋಡಿ ತೃಪ್ತಿಯಿಂದ ತಲೆಯಾಡಿಸಿದ, ಬೋಲ್ಟು ಬಿಗಿದು ಚುಕ್ಕೆ ಇಟ್ಟ. ಮತ್ತೆ ಆಯಿಲ್ ತುಂಬಬೇಕೆಂಬುದು ಅವನ ತಲೆಯಿಂದ ಹಾರಿಹೋಗಿತ್ತು. ಎದ್ದು, ಗುನುಗುತ್ತಾ, ಪಕ್ಕದ ಗಾಡಿಯಡಿ ಸರಿದ.

ಸಂಜೆ ಅತ್ತಿಗೆಯ ಹತ್ತಿರ ಹೋಗಿ, ಅಣ್ಣ ಇನ್ನು ಮನೆಯಲ್ಲಿರಲಿ ಎಂದು ಹೇಳಲು ಸುತ್ತಿಬಳಸಿ ಮಾತು ತೆಗೆದ. ಅವಳು ಹೆಸರು ಕಾಳು ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಭಾನುವಾರ ಶೆಡ್ಡಿಗೆ ರಜ ಅಲ್ವಾ," ಅಂದಳು. "ಅವತ್ತು ಸಂಜೆ ನನ್ನನ್ನೇ, ನೀವ್ಯಾರಮ್ಮ ಅಂತ ಕೇಳ್ತಾರೆ. ಮಿಕ್ಕ ದಿನ ಕೇಳಲ್ಲ."

ಪುಟ್ಟಣ್ಣ ಕಾಫಿ ಕುಡಿದು ಎದ್ದು ಬಂದ. ಶೆಡ್ಡಿಗೆ ಬರಬೇಡ ಅಂದರೆ ಅಣ್ಣ ಕೈತಪ್ಪಿ ಹೋಗುತ್ತಾನೆ, ಸುಮ್ಮನಿದ್ದರೆ ಯಾವನೋ ಗಿರಾಕಿಯ ಜೀವ ಹೋಗುತ್ತದೆ. ದಾರಿಯುದ್ದಕ್ಕೂ ಯೋಚಿಸಿದರೂ ಮೂರನೆಯದೊಂದು ತೋಚಲಿಲ್ಲ.

ಅಂದಿನಿಂದ ಅಣ್ಣ ಮನೆಗೆ ಹೊರಟ ಮೇಲೆ ಅವನ ಕಳ್ಳ ಕೆಲಸ ಶುರುವಾಯಿತು. ಪ್ರತಿ ಗಾಡಿಯ ಅಡಿಗೂ ನುಗ್ಗಿ, ಗೇರ್‌ಬಾಕ್ಸಿನ ಪಕ್ಕದಲ್ಲಿರುವ, ಆಯಿಲ್ ತುಂಬುವ ಬೋಲ್ಟು ಬಿಚ್ಚಿ ಬೆರಳು ತೂರಿಸುತ್ತಿದ್ದ. ಬೆರಳ ತುದಿ ಒದ್ದೆಯಾದರೆ ಸರಿ, ಒಣಗಿದ್ದರೆ ಆಯಿಲ್ ತುಂಬಿ, ಬಿಗಿದು, ಮತ್ತೆ ಚುಕ್ಕೆ ಇಡುತ್ತಿದ್ದ. ಹೊಟ್ಟೆಪಾಡಿಗೆ ಎಷ್ಟೋ ಗಾಡಿಗಳಲ್ಲಿ ಮುಚ್ಚಿಟ್ಟ ಮೋಸ ಹಿಡಿದವನು ಈಗ ಅಣ್ಣನ ಬೆನ್ನ ಹಿಂದೆ ತಾನೇ ಕಳ್ಳನಾಗಿದ್ದ. ನಾಚಿಕೆಯಾಗುತ್ತಿತ್ತು.

ಹದಿನೈದು ದಿನವೂ ಕಳೆದಿರಲಿಲ್ಲ, ಅಣ್ಣ ಗಾಡಿಯಡಿಯಿಂದಲೇ ಕೂಗಿದ.

"ಪುಟ್ಟಾ, ಈ ಚುಕ್ಕೆ ನಂದಲ್ಲ. ನೀನಿಟ್ಟಿದ್ದಕ್ಕೆ ಬ್ರಷ್ ಎಳೆದ ಬಾಲ ಇರುತ್ತೆ."

ಪುಟ್ಟಣ್ಣ ಕೈಲಿದ್ದ ಸ್ಪ್ಯಾನರನ್ನು ಒರೆಸುತ್ತಲೇ ನಿಂತ. ಅಣ್ಣ ಹೊರಗೆ ಸರಿದು, ಚಕ್ರಕ್ಕೆ ಒರಗಿ ಕೂತು, ತಮ್ಮನ ಮುಖ ನೋಡಿದ. ಆ ಕಣ್ಣು ಅವತ್ತು ತಿಳಿಯಾಗಿತ್ತು.

"ನಾನು ಬಿಗಿದಿದ್ದನ್ನ ಬಿಚ್ಚಿ ನೋಡ್ತಿದ್ದೀಯ."

"ಒಂದೆರಡು, ಅಣ್ಣ."

"ಎಲ್ಲಾನೂ ನೋಡು," ಅಂದ ಅಣ್ಣ. ಕೆಂಪು ಬಣ್ಣದ ಡಬ್ಬಿಯ ಮುಚ್ಚಳ ಬಿಗಿಯಾಗಿ ಒತ್ತಿ, ಬ್ರಷ್ಷಿನ ಸಮೇತ ತಮ್ಮನ ಕೈಗಿಟ್ಟ. "ಇನ್ಮೇಲೆ ಇದು ನಿನ್ ಹತ್ರಾನೇ ಇರ್ಲಿ. ನಾನು ಕೇಳಿದ್ರೂ ಕೊಡಬೇಡ."

ಪುಟ್ಟಣ್ಣ ಅವತ್ತು ಶೆಡ್ಡಿನ ಹಿಂದೆ ಹೋಗಿ ಅತ್ತ. ಅತ್ತದ್ದು ದುಃಖಕ್ಕೋ, ಹೊರೆ ಇಳಿದದ್ದಕ್ಕೋ ಅವನಿಗೇ ಗೊತ್ತಾಗಲಿಲ್ಲ. ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ.

ಮರುದಿನ ಬೆಳಿಗ್ಗೆ ಅವನು ಬರುವಷ್ಟರಲ್ಲಿ ಅಣ್ಣ ಶೆಡ್ಡನ್ನೆಲ್ಲ ತಡಕಾಡಿ ಮುಗಿಸಿದ್ದ. ಸಾಮಾನೆಲ್ಲ ನೆಲದ ಮೇಲಿತ್ತು.

"ನನ್ನ ಕೆಂಪು ಡಬ್ಬಿ ಯಾರೋ ಎತ್ಕೊಂಡ್ ಹೋಗಿದಾರೆ ಪುಟ್ಟಾ. ಅದಿಲ್ದೆ ನಾನು ಏನ್ ಮಾಡ್ಲಿ?"

ನೀನೇ ಕೊಟ್ಟೆ, ನೀನೇ ಕೊಡಬೇಡ ಅಂದೆ ಎಂಬ ಮಾತು ಗಂಟಲವರೆಗೆ ಬಂತು. ಪುಟ್ಟಣ್ಣ ಅದನ್ನು ನುಂಗಿ, ಬೀರುವಿನ ಬೀಗ ತೆಗೆದು ಡಬ್ಬಿ ತಂದುಕೊಟ್ಟ. ಇಲ್ಲೇ ಇತ್ತಲ್ಲ ಅಣ್ಣ, ಅಂದ.

ಅಣ್ಣ ಡಬ್ಬಿಯನ್ನು ಎದೆಗವಚಿಕೊಂಡು ಮೊದಲ ಗಾಡಿಯಡಿ ಸರಿದ. ಸ್ವಲ್ಪ ಹೊತ್ತಿಗೆ ಆಯಿಲ್ ತಗಡಿನ ತಟ್ಟೆಗೆ ಸುರಿಯುವ ಸದ್ದು ಕೇಳಿಸಿತು. ಪುಟ್ಟಣ್ಣ ಹೊಸ ಆಯಿಲಿನ ಕ್ಯಾನು ತರಲು ಒಳಗೆ ಹೋದ.