ಮೊಳಕ್ಕೊಂದು ಜಗಳ

ನನಗೆ ಕೋಪ ಜಾಸ್ತಿ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತಿರಲಿಲ್ಲ. ನನ್ನದು ನೇರ ಮಾತು, ಅಷ್ಟೇ. ಕೋಪಿಷ್ಠರು ಬೇರೆ ಇರುತ್ತಾರೆ, ಅವರನ್ನು ನಾನೂ ನೋಡಿದ್ದೇನೆ. ಐವತ್ತರ ಹತ್ತಿರ ಬರುವವರೆಗೆ ಹೀಗೆಯೇ ನಂಬಿಕೊಂಡಿದ್ದವಳನ್ನು ಹೋದ ಮಾಘದಲ್ಲಿ ಒಂದು ಸೀರೆ ಸುಳ್ಳುಗಾತಿ ಮಾಡಿತು.

ಮೊಳಕಾಲ್ಮುರಿನಲ್ಲಿ ನಮ್ಮದು ನೇಕಾರರ ಮನೆ. ಒಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ. ನಡುಮನೆಯಲ್ಲಿ, ನೆಲದ ಗುಂಡಿಗೆ ಕಾಲು ಇಳಿಬಿಟ್ಟು ಕೂರುವ ಒಂದು ಗುಂಡಿಮಗ್ಗವಿದೆ. ನನ್ನ ಯಜಮಾನರು ದೇವೇಂದ್ರ ಅವರಿಗೆ ಎರಡು ವರ್ಷದಿಂದ ಭುಜನೋವು. ಹಾಗಾಗಿ ಬೆಳಿಗ್ಗೆ ಅವರು ನೇಯುತ್ತಾರೆ, ಊಟದ ನಂತರ ನಾನು ಕೂರುತ್ತೇನೆ.

ಮಗಳು ದಿವ್ಯಶ್ರೀಗೆ ಚಳ್ಳಕೆರೆಯ ಸಂಬಂಧ ಕೂಡಿತು. ಹುಡುಗ ಹೇಮಂತ್, ಎಣ್ಣೆ ಗಿರಣಿಯಲ್ಲಿ ಮೆಕ್ಯಾನಿಕ್. ನಿಶ್ಚಿತಾರ್ಥಕ್ಕೆ ಅವಳು ನಮ್ಮ ಮಗ್ಗದ ಸೀರೆಯನ್ನೇ ಉಡಬೇಕೆಂದು ನಾನು ಹಟ ಹಿಡಿದೆ. ಊರಿಗೆಲ್ಲ ರೇಷ್ಮೆ ನೇಯ್ದು ಕೊಡುವವರು ಸ್ವಂತ ಮಗಳಿಗೆ ಅಂಗಡಿಯ ಸೀರೆ ಉಡಿಸಿ ನಿಲ್ಲಿಸಿದರೆ ನಾನು ಬೀಗರ ಮುಖ ಹೇಗೆ ನೋಡಲಿ? ಗುಲಾಬಿ ಬಣ್ಣದ ಹಾಸು, ಅಂದರೆ ಉದ್ದದ ಎಳೆಗಳನ್ನು, ಮಗ್ಗಕ್ಕೆ ಏರಿಸಿದೆವು. ಒಂದು ಹಾಸಿನಲ್ಲಿ ಮೂರು ಸೀರೆ ಬರುತ್ತವೆ, ಮೊದಲನೆಯದು ಮಗಳಿಗೆ. ದಿನಕ್ಕೆ ಒಂದು ಮೊಳದ ಲೆಕ್ಕದಲ್ಲಿ ಹನ್ನೆರಡು ದಿನದ ಕೆಲಸ.

ಯಜಮಾನರ ಭುಜದ ಮೇಲೆ ನನಗೆ ನಂಬಿಕೆ ಇರಲಿಲ್ಲ. ಅವರ ತಪ್ಪು ನನ್ನ ತಲೆಗೆ ಬರಬಾರದೆಂದು ಒಂದು ಗುರುತು ಮಾಡಿದೆ. ಅವರು ಎದ್ದ ಜಾಗದಲ್ಲಿ ಅಂಚಿಗೆ ಹಸಿರು ಎಳೆ, ನಾನು ಎದ್ದ ಜಾಗದಲ್ಲಿ ಕೆಂಪು ಎಳೆ. ಅವರು ನಕ್ಕು ಸುಮ್ಮನಾದರು. ಅವರು ಎಲ್ಲದಕ್ಕೂ ಹಾಗೆಯೇ.

ಮಗ್ಗದಲ್ಲಿ ಅಡ್ಡ ಎಳೆ ಹೊತ್ತ ಲಾಳಿ ಒಂದು ಸಲ ಹೋದ ಮೇಲೆ ಹಲಗೆಯನ್ನು ಮೈಕಡೆಗೆ ಎಳೆದು ಹೊಡೆದು ಎಳೆಯನ್ನು ಕೂರಿಸಬೇಕು. ಹೊಡೆತ ಜೋರಾದರೆ ಬಟ್ಟೆ ದಟ್ಟ, ಮೆತ್ತಗಾದರೆ ತೆಳು. ನೇಯುವಾಗ ಇದು ಗೊತ್ತಾಗುವುದಿಲ್ಲ. ನೇಯ್ದದ್ದೆಲ್ಲ ಹೊಟ್ಟೆಯ ಮುಂದಿನ ಮರದ ದಿಂಡಿಗೆ ಸುತ್ತಿಕೊಂಡು ಹೋಗುತ್ತದೆ, ಕಣ್ಣೆದುರಿಗೆ ಉಳಿಯುವುದು ಯಾವಾಗಲೂ ಒಂದು ಗೇಣು.

ಹದಿಮೂರನೆಯ ದಿನ ಬೆಳಿಗ್ಗೆ ಸೀರೆ ಕತ್ತರಿಸಿ, ಮನೆ ಮುಂದಿನ ತಂತಿಯ ಮೇಲೆ ಬಿಸಿಲಿಗೆ ಹಿಡಿದೆವು. ಉದ್ದಕ್ಕೂ ಪಟ್ಟೆ. ಒಂದು ಕಡೆ ಗಾಢ ಗುಲಾಬಿ, ಪಕ್ಕದಲ್ಲೇ ಮಾಸಿದ ಗುಲಾಬಿ, ಮತ್ತೆ ಗಾಢ. ನಿಶ್ಚಿತಾರ್ಥಕ್ಕೆ ಹತ್ತು ದಿನ ಉಳಿದಿತ್ತು.

"ಏನ್ರೀ ಇದು? ಮಗಳಿಗೆ ಸೀರೆ ನೇಯ್ರಿ ಅಂದ್ರೆ ಹುಲಿ ಚರ್ಮ ನೇಯ್ದಿದೀರಲ್ಲ!" ಎಂದು ಕೂಗಿದೆ.

"ಮೆಲ್ಲಗೆ, ಈಶ್ವರಿ. ಬೀದಿಗೆಲ್ಲ ಕೇಳ್ತೈತೆ."

"ಕೇಳ್ಲಿ. ಭುಜ ಆಗಲ್ಲ ಅಂದ್ರೆ ಅವತ್ತೇ ಎದ್ದು ಬಿಡ್ಬೇಕಿತ್ತು."

"ಎಳೆ ಕಟ್ಟಿದೀಯಲ್ಲ, ನೋಡು."

"ನಾನು ನೋಡಿ ಹೇಳಿದ್ರೆ ನೀವು ಒಪ್ತೀರಾ? ಚಿಕ್ಕಮಾವನ್ನ ಕರೀರಿ. ಅವರಿಗೆ ಕಣ್ಣೂ ಕಾಣಲ್ಲ, ಮುಲಾಜೂ ಇಲ್ಲ."

ಚಿಕ್ಕಮಾವ ಬೊಮ್ಮಯ್ಯ ನಮ್ಮ ಯಜಮಾನರ ಚಿಕ್ಕಪ್ಪ. ಅರವತ್ತು ವರ್ಷ ಮಗ್ಗದಲ್ಲಿ ಕೂತವರು, ಈಗ ಕಣ್ಣಿಗೆ ಪೊರೆ. ಜಗಲಿಯ ಮೇಲೆ ಕೂತು ಸೀರೆಯನ್ನು ತೊಡೆಗೆ ಎಳೆದುಕೊಂಡು ಹೆಬ್ಬೆರಳು ತೋರುಬೆರಳಿನ ನಡುವೆ ಮೆಲ್ಲಗೆ ಜಾರಿಸುತ್ತಾ ಹೋದರು.

"ಇಲ್ಲಿ ಕೂತೋನು ಹೊಟ್ಟೆ ತುಂಬಾ ಉಂಡವನೆ. ಯಾವ ಚಿಂತೆನೂ ಇಲ್ಲ ಅವನಿಗೆ." ಬೆರಳು ಮುಂದೆ ಹೋಯಿತು. "ಅಬ್ಬಬ್ಬಾ! ಇಲ್ಲಿ ಯಾರಿಗೋ ಸರಿಯಾಗಿ ಏಟು ಬಿದ್ದೈತೆ. ಇದ್ಯಾರ ಕೈ?"

ದಿವ್ಯಶ್ರೀ ಅಂಚು ನೋಡಿದಳು. ಅವಳ ತುಟಿ ಆಗಲೇ ಬಿಗಿಯಾಗಿತ್ತು. "ಕೆಂಪು, ತಾತ."

"ಎಷ್ಟನೇ ಮೊಳ?"

"ಐದು. ಅಂದ್ರೆ ಐದನೇ ದಿನ, ಮಂಗಳವಾರ..." ಅವಳು ಬೆರಳು ಮಡಿಸಿದಳು. "ಅವ್ವ! ಅವತ್ತು ನಲ್ಲಿ ಹತ್ರ ಪಕ್ಕದ್ಮನೆ ಹುಚ್ಚಕ್ಕನ ಕೊಡ ಎತ್ತಿ ಆಚೆಗಿಟ್ಟಿದ್ದೆ ನೀನು."

"ಅದು ಜಗಳ ಅಲ್ಲ. ಸಾಲು ತಪ್ಪಿಸಿದ್ಲು, ತಪ್ಪು ಅಂತ ಹೇಳ್ದೆ."

"ಅವಳಿಗೆ ಹೇಳಿ ಬಂದು ಹಲಗೆಗೂ ಹೇಳಿದೀಯ ಬಿಡು," ಎಂದರು ಚಿಕ್ಕಮಾವ. "ಏಳನೇ ಮೊಳದಲ್ಲಿ ಯಾರು?"

"ಗೌರಸಮುದ್ರದ ದೊಡ್ಡಮ್ಮ ಫೋನ್ ಮಾಡಿ, ಹುಡುಗ ಕಪ್ಪಂತೆ ಅಂದಿದ್ರು."

"ಒಂಬತ್ತು?"

"ಅಪ್ಪ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು."

ಯಜಮಾನರು ತಲೆ ಕೆರೆದುಕೊಂಡರು. "ಅದಕ್ಕೆ ಒಂದು ಗೇಣು ನೇಯ್ದಿದೀಯಾ? ನಾನು ಎರಡೇ ಬೆರಳು ಅಂದ್ಕೊಂಡಿದ್ದೆ."

ಮಗಳು ಇನ್ನು ತಡೆಯಲಾರದೆ ಬಾಯಿಗೆ ಅದೇ ಸೀರೆಯ ತುದಿ ಅಡ್ಡ ಹಿಡಿದು ನಗತೊಡಗಿದಳು. ಹಸಿರು ಎಳೆಯ ಭಾಗಗಳೆಲ್ಲ ನೀರು ನಿಂತ ಹಾಗೆ ಸಮ. ಪಟ್ಟೆ ಇದ್ದದ್ದೆಲ್ಲ ಕೆಂಪಿನಲ್ಲಿ. ಅವರನ್ನು ಹಿಡಿಯಲು ನಾನೇ ಕಟ್ಟಿದ ಎಳೆಗಳು ನನ್ನನ್ನೇ ತೋರಿಸುತ್ತಿದ್ದವು.

"ಅಮ್ಮಾಯಿ, ಈ ತೆಳು ಜಾಗದಲ್ಲಿ ಏನು ಮಾಡ್ತಿದ್ದೆ?" ಚಿಕ್ಕಮಾವ ನನ್ನನ್ನೇ ಕೇಳಿದರು.

"ಸಮಾಧಾನ ಮಾಡ್ಕೊಂತಿದ್ದೆ," ಎಂದೆ.

"ಅದಕ್ಕೇ ಬಟ್ಟೆನೇ ಇಲ್ಲ ಇಲ್ಲಿ."

ಆಮೇಲೆ ಅವರ ಬೆರಳು ಹತ್ತನೆಯ ಮೊಳದಲ್ಲಿ ನಿಂತಿತು. "ಇದು ಎಲ್ಲಕ್ಕಿಂತ ಗಟ್ಟಿ. ಅವತ್ತು ಯಾರನ್ನ ಕೊಂದೆ?"

ಮಗಳಿಗೂ ಯಜಮಾನರಿಗೂ ನೆನಪಾಗಲಿಲ್ಲ. ನನಗೆ ನೆನಪಿತ್ತು. ಆ ಮಧ್ಯಾಹ್ನ ಹೇಮಂತನ ತಾಯಿ ದಾಕ್ಷಾಯಿಣಿ ಫೋನ್ ಮಾಡಿ, "ನಿಮ್ಮ ಹುಡುಗಿ ಬಂದು ಹೋದ ಮೇಲೆ ನಮ್ಮನೇಲಿ ಎಲ್ರೂ ಅವಳದೇ ಮಾತು," ಎಂದಿದ್ದರು. ನಾನು ಫೋನಿಟ್ಟು ನೇರವಾಗಿ ಮಗ್ಗಕ್ಕೆ ಇಳಿದಿದ್ದೆ. ಹಾಡಿಕೊಂಡು ನೇಯ್ದ ದಿನ ಅದು.

ಹೇಳಿದೆ. ಚಿಕ್ಕಮಾವ ಸ್ವಲ್ಪ ಹೊತ್ತು ಆ ಬಟ್ಟೆಯನ್ನು ಉಜ್ಜಿ ನೋಡಿದರು. "ನಿನ್ನ ಕೈಗೆ ವ್ಯತ್ಯಾಸ ಗೊತ್ತಾಗಿಲ್ಲಮ್ಮ. ನಿನಗೆ ಸಂತೋಷ ಆದ್ರೂ ಹೊಡೀತೀಯ."

ನಾನು ಎದ್ದು ಅಡುಗೆಮನೆಗೆ ಹೋಗಿ ತಟ್ಟೆಗಳನ್ನು ದಡದಡ ಜೋಡಿಸಿದೆ. ಮೂರನೆಯ ತಟ್ಟೆಗೆ ಕೈ ತಾನಾಗಿ ನಿಂತಿತು. ಆ ಸದ್ದು ನನ್ನ ಕಿವಿಗೆ ಮೊದಲ ಸಲ ಬಿದ್ದಿತ್ತು. ಇಷ್ಟು ವರ್ಷ ಬೇರೆಯವರು ಎಷ್ಟು ಜೋರಾಗಿ ಬಾಗಿಲು ಹಾಕುತ್ತಾರೆ, ಹೇಗೆ ಲೋಟ ಕುಕ್ಕುತ್ತಾರೆ ಎಂದು ಒಂದೂ ಬಿಡದೆ ನೋಡಿದವಳು ನಾನು. ನನ್ನದು ಮಾತ್ರ ಕಂಡಿರಲಿಲ್ಲ. ಹೇಗೆ ಕಾಣಬೇಕು? ಅದು ಆಗಿಂದಾಗಲೇ ಸುತ್ತಿಕೊಂಡು ಹೋಗಿಬಿಡುತ್ತಿತ್ತು. ನಾಚಿಕೆಯಾಯಿತು. ಆದರೆ ಉಪ್ಪಿನ ಗೇಣು ನೆನಪಾಗಿ ನಗುವೂ ಬಂತು. ಒಬ್ಬಳೇ ಒಲೆಯ ಮುಂದೆ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ನಕ್ಕರೆ ಸೀರೆ ಸರಿಯಾಗುವುದಿಲ್ಲವಲ್ಲ. ಮಗಳು "ಇದನ್ನೇ ಉಡ್ತೀನಿ ಬಿಡವ್ವ," ಎಂದಳು. ನಾನು ಒಪ್ಪಲಿಲ್ಲ. ಹಾಸಿನಲ್ಲಿ ಇನ್ನೂ ಎರಡು ಸೀರೆಯಷ್ಟು ಉಳಿದಿತ್ತು. ಬುಟ್ಟಾ ಹೂಗಳನ್ನು ಕಡಿಮೆ ಮಾಡಿ, ಇಡೀ ದಿನ ಕೂತರೆ ಹತ್ತು ದಿನದೊಳಗೆ ಮುಗಿಯುತ್ತದೆ. ಎರಡು ಕೈ ಬೇಡ, ಒಂದೇ ಕೈ. ಯಜಮಾನರ ಭುಜ ಇಡೀ ದಿನ ತಾಳುವುದಿಲ್ಲ. ಹಾಗಾದರೆ ನನ್ನದೇ ಕೈ.

ಮೊದಲ ದಿನ ದೇವರಿಗೆ ದೀಪ ಹಚ್ಚಿ, ಇವತ್ತಿನಿಂದ ಶಾಂತವಾಗಿರುತ್ತೇನೆ ಎಂದು ಮಗ್ಗಕ್ಕೆ ಇಳಿದೆ. ಮಾತಾಡಲಿಲ್ಲ. ಬಾಗಿಲಲ್ಲಿ ಹುಚ್ಚಕ್ಕ ಇಣುಕಿ "ಏನೇ, ಸೀರೆ ಹುಲಿ ಆಯ್ತಂತೆ?" ಎಂದು ಕೆಣಕಿದಾಗಲೂ ಮುಗುಳ್ನಕ್ಕೆ. ಆಕೆ ಹೆದರಿ ಹೊರಟು ಹೋದಳು. ಸಂಜೆ ಯಜಮಾನರು ಟಾರ್ಚು ಹಿಡಿದು ನೋಡಿದರು.

"ಈಶ್ವರಿ, ಇದು ಸೊಳ್ಳೆ ಪರದೆ ಆಗೈತೆ."

"ಶಾಂತವಾಗಿ ನೇಯ್ದೆ ಕಣ್ರೀ!"

"ಶಾಂತ ನಿನ್ನ ಕೈಗೆ ಒಗ್ಗಲ್ಲ." ಅವರು ನೇಯ್ದದ್ದನ್ನು ಒಂದೊಂದೇ ಎಳೆ ಬಿಚ್ಚತೊಡಗಿದರು. ಬಿಚ್ಚುತ್ತಲೇ ಹೇಳಿದರು, "ಹೊಡೆತ ಜೋರಾಗಿದ್ದು ತಪ್ಪಲ್ಲ. ಹತ್ತನೇ ಮೊಳ ಎಷ್ಟು ಚಂದ ಐತೆ ನೋಡಿದ್ಯಾ? ನೀನು ಬೈದು, ನಿಲ್ಲಿಸಿ, ನುಂಗಿ, ಮತ್ತೆ ಬೈತೀಯ. ಅದೇ ಪಟ್ಟೆ. ನಾಳೆಯಿಂದ ಬೈಕೊಂಡೇ ನೇಯಿ. ನಡುವೆ ಮಾತ್ರ ನಿಲ್ಲಿಸಬೇಡ."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಮರುದಿನ ಶುರುವಾಯಿತು ನೋಡಿ. ನಲ್ಲಿ ನೀರಿನಿಂದ ಹಿಡಿದು ಕರೆಂಟಿನವರೆಗೆ, ತಡವಾಗಿ ಬರುವ ಬಳ್ಳಾರಿ ಬಸ್ಸಿನಿಂದ ಹಿಡಿದು ಹಾದಿಯಲ್ಲೇ ಮಲಗುವ ನಾಯಿಯವರೆಗೆ ಒಬ್ಬರನ್ನೂ ಬಿಡಲಿಲ್ಲ. ಬಾಯಿ ಒಂದೇ ಲಯದಲ್ಲಿ ನಡೆಯಿತು, ಕೈಯೂ ಅದೇ ಲಯದಲ್ಲಿ. ಯಜಮಾನರು ಪಕ್ಕದಲ್ಲಿ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಡುತ್ತಾ, ನಾನು ನಿಧಾನವಾದಾಗ ನೆನಪಿಸುತ್ತಿದ್ದರು: "ನಮ್ಮಕ್ಕ ನಮ್ಮ ಮದುವೇಲಿ ಏನಂದಿದ್ಲು?" ಅದು ಎರಡು ಮೊಳಕ್ಕೆ ಸಾಕಾಯಿತು. ಬೈಗುಳ ಖಾಲಿಯಾದಾಗ ಮಗಳ ಬಾಲ್ಯದ ಮಾತು ತೆಗೆದು, ಅದೇ ದನಿಯಲ್ಲಿ ಅವಳನ್ನು ಹೊಗಳಿದೆ. ಹಲಗೆಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಹುಚ್ಚಕ್ಕ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತು, "ನನ್ನನ್ನೂ ಸೇರಿಸೇ, ಸೆರಗಿನ ಹತ್ರ ಹಾಕು," ಎಂದು ಹೇಳಿ ಬೈಸಿಕೊಂಡು ಹೋದಳು.

ನಿಶ್ಚಿತಾರ್ಥದ ಹಿಂದಿನ ದಿನ ಸೀರೆ ಕತ್ತರಿಸಿ ಬಿಸಿಲಿಗೆ ಹಿಡಿದೆವು. ಈ ತುದಿಯಿಂದ ಆ ತುದಿಯವರೆಗೆ ಒಂದೇ ಗುಲಾಬಿ. ನಾನು ಅದರ ಮುಂದೆ ನಿಂತೇ ಇದ್ದೆ. ಮಗಳು ಹಿಂದಿನಿಂದ ಬಂದು ನನ್ನ ಭುಜಕ್ಕೆ ಗದ್ದ ಊರಿದಳು.

ಮರುದಿನ ಮಗಳು ಅದನ್ನುಟ್ಟಳು. ನಾನು ಪಟ್ಟೆ ಸೀರೆಯನ್ನು ಉಟ್ಟೆ. ನನ್ನ ಜಗಳಗಳು, ನಾನಲ್ಲದೆ ಇನ್ಯಾರು ಹೊರಬೇಕು?

ಎಲೆ ಅಡಿಕೆ ಬದಲಾಯಿಸಿಕೊಂಡ ಮೇಲೆ ದಾಕ್ಷಾಯಿಣಿ ಮಗಳ ನೆರಿಗೆಯನ್ನು ಬೆರಳಲ್ಲಿ ಹಿಡಿದು ನೋಡಿದರು. "ಎಷ್ಟು ಒಂದೇ ಸಮ ಐತ್ರಿ! ನೇಯೋಕೆ ಬಾಳ ತಾಳ್ಮೆ ಬೇಕಲ್ವಾ?"

ಯಜಮಾನರು ಕೆಮ್ಮಿದರು. ಮಗಳು ನೆಲ ನೋಡಿದಳು. ಹೌದು ಎಂದುಬಿಡಬಹುದಿತ್ತು.

"ತಾಳ್ಮೆ ನನ್ನ ಹತ್ರ ಇಲ್ರಿ," ಎಂದೆ. "ಎಂಟು ದಿನ ಬಾಯಿ ಮುಚ್ಚದೆ ಬೈಕೊಂಡು ನೇಯ್ದಿದ್ದು. ನನಗೆ ಕೋಪ ಜಾಸ್ತಿ. ಮೊದಲೇ ಹೇಳಿರ್ತೀನಿ, ಆಮೇಲೆ ಗೊತ್ತಿರಲಿಲ್ಲ ಅನ್ಬೇಡಿ."

ಆ ಮಾತು ನನ್ನ ಬಾಯಿಂದಲೇ ಬಂತು, ಅದೂ ಬೀಗರ ಮುಂದೆ. ದಾಕ್ಷಾಯಿಣಿ ನನ್ನನ್ನು ನೋಡಿದರು, ತಮ್ಮ ಗಂಡನ ಕಡೆ ಒಮ್ಮೆ ನೋಡಿದರು, ಆಮೇಲೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ನಮ್ಮನೇಲೂ ಜಾಗ ಐತ್ರಿ," ಎಂದರು ದನಿ ತಗ್ಗಿಸಿ. "ಒಂದು ಮಗ್ಗ ಹಾಕ್ಸಿದ್ರೆ, ನನಗೂ ಹೇಳಿಕೊಡ್ತೀರಾ?"