ಮುದ್ದೇಬಿಹಾಳಕ್ಕೆ ಹೋದ ಆಮಂತ್ರಣ

ಮುಂದಿನ ಸಾಲಿನ ಕುರ್ಚಿಯೊಂದರ ಬೆನ್ನಿಗೆ ಅಂಟಿಸಿದ್ದ ಚೀಟಿ ಓದಿ ವಿದ್ಯಾವತಿ ನಿಂತಲ್ಲೇ ನಿಂತರು. 'ಶ್ರೀಮತಿ ಕೋಮಲ, ಮುದ್ದೇಬಿಹಾಳ' ಎಂದು ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ಪಕ್ಕದ ಕುರ್ಚಿ, ಸನ್ಮಾನಕ್ಕೆಂದು ಬಂದಿದ್ದ ಅವರದೇ. ಅಕ್ಕತಂಗಿಯರನ್ನು ಜೋಡಿಯಾಗಿ ಕೂಡಿಸುವ ಏರ್ಪಾಡು!

"ಜೈನುದ್ದೀನ, ಇದೇನೋ ಇದು?"

ಸಿಂದಗಿಯ ಆ ಕಾಲೇಜಿನ ಗ್ರಂಥಪಾಲಕ ಜೈನುದ್ದೀನ ಒಂದು ಕಾಲಕ್ಕೆ ಅವರ ಹತ್ತಿರವೇ ಕನ್ನಡ ಕಲಿತವನು. ಹಾರದ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದ. "ನಿಮಗ ಖುಷಿ ಆಗ್ಲೆಂತ ಹೇಳಿರಲಿಲ್ರಿ ಮೇಡಂ. ನಿಮ್ಮ ತಂಗಿಯಾರಿಗೂ ಆಮಂತ್ರಣ ಕಳಿಸೇನಿ. ಹಳೇ ಕಾರ್ಡಿನಾಗ ಅಡ್ರೆಸ್ ಇತ್ತಲ್ರಿ. ಮುದ್ದೇಬಿಹಾಳದಾಗ ಇರ್ತಾಳ ಅಂತ ನೀವ ಹೇಳಿದ್ರಿ."

ಹೇಳಿದ್ದರು, ಸುಳ್ಳಲ್ಲ. ನಿವೃತ್ತಿಯಾದ ಮೇಲೆ ಮನೆಯಲ್ಲಿದ್ದ ಕಾಗದಪತ್ರಗಳನ್ನೆಲ್ಲ ಟ್ರಂಕುಗಟ್ಟಲೆ ಕಾಲೇಜಿಗೆ ಕೊಟ್ಟಿದ್ದರು: ಮೂವತ್ತು ವರ್ಷದ ಪಾಠದ ಟಿಪ್ಪಣಿ, ತವರೂರು ಇಂಡಿಯಿಂದ ಅಪ್ಪ ಬರೆದ ಪತ್ರ, ಜಾತಕ, ಲಗ್ನಪತ್ರಿಕೆ, ತಂಗಿಯ ಕಾರ್ಡು. ಇವತ್ತಿನ ಪ್ರದರ್ಶನಕ್ಕೆಂದು ಅವನ್ನೆಲ್ಲ ಜೋಡಿಸುವಾಗ ಜೈನುದ್ದೀನ ಮನೆಗೆ ಬಂದು ಯಾರು ಯಾರೆಂದು ಕೇಳಿ ಬರೆದುಕೊಳ್ಳುತ್ತಿದ್ದ. ಅಪ್ಪ ತೀರಿದ್ದನ್ನು ಹೇಳಿದರು, ಅವ್ವ ಗುಂಡವ್ವ ತೀರಿದ್ದನ್ನು ಹೇಳಿದರು. "ಕೋಮಲ ಅಂದ್ರ ಯಾರ್ರಿ?" ಎಂದಾಗ ಮಾತ್ರ "ನನ್ನ ತಂಗಿ. ಮುದ್ದೇಬಿಹಾಳದಾಗ ಇರ್ತಾಳ" ಅಂದುಬಿಟ್ಟರು. ಹುಡುಗ ನಂಬಿದ. ನಂಬದೆ ಏನು ಮಾಡ್ಯಾನು? ಅಷ್ಟು ಕಾಗದದಲ್ಲಿ ಕೋಮಲ ಸತ್ತ ಸುದ್ದಿ ಎಲ್ಲೂ ಇರಲಿಲ್ಲ.

ಇರುವುದಾದರೂ ಹೇಗೆ! ಸಾವಿನ ಸುದ್ದಿ ಹೊತ್ತ ಕಾರ್ಡನ್ನು ಯಾರೂ ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಓದಿದವರು ಅಲ್ಲೇ ಹರಿದು ಹೊರಗೆ ಚೆಲ್ಲಿಬಿಡಬೇಕು. ಗುಂಡವ್ವ ಇಂಥದರಲ್ಲಿ ಬಲು ಕಟ್ಟುನಿಟ್ಟು. ಆ ವರ್ಷ ಡೋಣಿ ಹೊಳೆ ತುಂಬಿ ರಸ್ತೆ ಕಟ್ಟಾಗಿ, ಮುದ್ದೇಬಿಹಾಳದಲ್ಲಿ ಎಲ್ಲ ಮುಗಿದ ಮೇಲೆ ಇಂಡಿಗೆ ಕಾರ್ಡು ಬಂದಿತ್ತು. ಸಿಂದಗಿಯಲ್ಲಿ ಆಗಷ್ಟೇ ನೌಕರಿಗೆ ಸೇರಿದ್ದ ವಿದ್ಯಾವತಿ ರಜೆಗೆಂದು ಊರಿಗೆ ಹೋದಾಗ ಅದರ ಚೂರೂ ಉಳಿದಿರಲಿಲ್ಲ. "ಕೋಮಲ ಹೋದ್ಲು" ಎಂದಿಷ್ಟೇ ಹೇಳಿ ಅವ್ವ ಗೋಡೆಯ ಕಡೆ ಹೊರಳಿದಳು. ಯಾವತ್ತು, ಹೇಗೆ ಎಂದು ಮಗಳು ಕೇಳಲಿಲ್ಲ. ಸಾವಿನ ಸುದ್ದಿ ಕೇಳಿದವರು ತಲೆಯ ಮೇಲೆ ಸುರಿದುಕೊಳ್ಳುವ ನೀರನ್ನೂ ಸುರಿದುಕೊಳ್ಳಲಿಲ್ಲ. ಮುದ್ದೇಬಿಹಾಳಕ್ಕೂ ಹೋಗಲಿಲ್ಲ. ದಿನಾ ಬಸ್ಸು ಓಡಾಡುವ ಊರು ಅದು, ಕಾಶಿಯೇನಲ್ಲ.

ಅವರ ಹತ್ತಿರ ಉಳಿದದ್ದು ತಂಗಿಯ ಕೊನೆಯ ಕಾರ್ಡು. ಬಾಯಿ ಕೆಟ್ಟಿದೆ, ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಳಿಸು ಎಂದು ಬರೆದಿದ್ದಳು ಬಸುರಿ ಹುಡುಗಿ. ಹಾಗಾಗಿ ಅವರ ಪಾಲಿಗೆ ಕೋಮಲ ಮುದ್ದೇಬಿಹಾಳದಲ್ಲಿ ಹಿಂಡಿಯ ದಾರಿ ಕಾಯುತ್ತಲೇ ಇದ್ದಳು. ವಿದ್ಯಾವತಿ ಮದುವೆಯಾಗಲಿಲ್ಲ, ಅಪ್ಪ ಅವ್ವ ಒಬ್ಬರ ಹಿಂದೊಬ್ಬರು ಹೋದರು. ಹೊಸ ಸೀರೆ ಕೊಂಡಾಗ "ಈ ಬಣ್ಣ ಕೋಮಲಗ ಒಪ್ಪತೈತಿ" ಎಂದು ಕನ್ನಡಿಗೆ ಹೇಳುತ್ತಿದ್ದರು. ಜನ ಕೇಳಿದರೆ ಹುಚ್ಚು ಅಂದಾರು. ಆದರೆ ಕೇಳುವವರು ಮನೆಯಲ್ಲಿ ಯಾರಿದ್ದರು? ಲೋಕದಲ್ಲಿ ತಮ್ಮವರು ಅಂತ ಅವರಿಗೆ ಉಳಿದದ್ದು ಆ ಒಂದು ಸುಳ್ಳು.

ಈಗ ಪ್ರಿನ್ಸಿಪಾಲರು ಬರುತ್ತಾರೆ, ಬರಿದಾದ ಕುರ್ಚಿ ನೋಡಿ "ತಂಗಿಯವರು ಬರಲಿಲ್ಲೇನ್ರಿ?" ಅನ್ನುತ್ತಾರೆ. ತುಂಬಿದ ಸಭೆಯಲ್ಲಿ ಏನು ಹೇಳುವುದು?

"ಆಕಿ ಬರೂದಿಲ್ಲ. ಚೀಟಿ ಕಿತ್ತ ಬಿಡು."

"ಅಯ್ಯ, ಬಂದಾರಲ್ರಿ ಮೇಡಂ!" ಜೈನುದ್ದೀನ ನಕ್ಕ. "ಆಗಳೇ ಬಂದು ಆಮಂತ್ರಣ ತೋರಿಸಿದ್ರು. ಒಳಗ ಕಾಗದ ನೋಡಾಕತ್ತಾರ."

ಜೀವಮಾನವೆಲ್ಲ ಸಾಹಿತ್ಯ ಪಾಠ ಮಾಡಿ, ಕಥೆ ಯಾವುದು ಬದುಕು ಯಾವುದು ಎಂದು ನಾಲ್ಕು ಮಂದಿಗೆ ತಿಳಿಹೇಳಿದ ಹೆಂಗಸು, ಆ ಗಳಿಗೆಯಲ್ಲಿ ನಂಬಿಯೇಬಿಟ್ಟಳು. ಸೆರಗು ಜಾರಿದ್ದೂ ಗೊತ್ತಾಗದೆ ಒಳಗೆ ಓಡಿದರು.

ಗಾಜಿನ ಪೆಟ್ಟಿಗೆಯ ಮೇಲೆ ಒಬ್ಬಳು ಬಾಗಿ ನಿಂತಿದ್ದಳು. ನರೆತ ಕೂದಲು, ಕೆಂಪು ದಡಿಯ ಇಳಕಲ್ಲ ಸೀರೆ. ತಿರುಗಿದಳು. ಕೋಮಲ ಅಲ್ಲ.

"ನಾ ವಿಜಯಲಕ್ಷ್ಮಿ ಅಂತ್ರಿ ಅಕ್ಕಾರ. ಕೋಮಲಕ್ಕನ ಮನಿಗೆ ಎರಡನೇದಾಕಿ ಆಗಿ ಬಂದಾಕಿ."

ಆಸೆ ಹುಟ್ಟಿಸಿ ಕಸಿದುಕೊಂಡಂತಾಗಿ ವಿದ್ಯಾವತಿಯವರಿಗೆ ಸಿಟ್ಟು ನೆತ್ತಿಗೇರಿತು. "ಸತ್ತಾಕಿ ಹೆಸರಿನ ಕಾಗದ ಹಿಡಕೊಂಡು ಯಾಕ ಬಂದಿ?"

ಅಂದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತು. ಇಷ್ಟು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಬಾಗಿಲಲ್ಲಿದ್ದ ಜೈನುದ್ದೀನ ತಲೆ ತಗ್ಗಿಸಿ ಹೊರಗೆ ಸರಿದ.

ವಿಜಯಲಕ್ಷ್ಮಿ ಬೇಸರಪಟ್ಟುಕೊಳ್ಳಲಿಲ್ಲ. "ಕಾಗದ ಬಂದ ದಿನ ನಮ್ಮ ಮನಿಯವರು ಊಟಾ ಬಿಟ್ಟು ಹಂಗ ಕುಂತರ್ರಿ. ನನಗ ತಡಕೊಳ್ಳಾಕ ಆಗಲಿಲ್ಲ, ಬಂದೆ." ತಾಳಿಯ ಪಕ್ಕದಿಂದ ಸವೆದ ಬೆಳ್ಳಿಯ ಬಿಲ್ಲೆಯೊಂದನ್ನು ಎಳೆದು ತೋರಿಸಿದಳು. ಹೆಂಡತಿ ತೀರಿಕೊಂಡ ಮನೆಗೆ ಮದುವೆಯಾಗಿ ಬಂದವಳು ಆ ಸತ್ತವಳ ಹೆಸರಿನಲ್ಲಿ ಕಟ್ಟಿಕೊಳ್ಳುವ ಬಿಲ್ಲೆ. "ಮದವಿ ಆದಾಗಿಂದ ಅಕ್ಕನ್ನ ಕೊರಳಾಗ ಹೊತ್ತೇನ್ರಿ. ಮಾರಿ ಹೆಂಗಿತ್ತಂತ ಗೊತ್ತಿಲ್ಲ, ಮನ್ಯಾಗ ಒಂದು ಫೋಟೋ ಸುದ್ದಾ ಇಲ್ಲ. ಇಲ್ಲಿ ಅಕ್ಷರಾ ನೋಡಿದೆ. ಸಾಲೆಲ್ಲಾ ಮ್ಯಾಲ ಏರ್ಯಾವ. ಭಾಳ ಗಡಿಬಿಡಿ ಮನಿಷಾಳು ಕಾಣ್ತಾಳಲ್ರಿ?"

"ಗಡಿಬಿಡಿ ಅಂದ್ರ ಗಡಿಬಿಡಿ! ಒಮ್ಮಿ ಬೀಗರ ಚಹಾಕ್ಕ ಉಪ್ಪು ಹಾಕಿದ್ಲು ನಮ್ಮ ಕೋಮಲ," ಎನ್ನುತ್ತ ವಿದ್ಯಾವತಿ ನಕ್ಕರು. ನಗು ಅರ್ಧಕ್ಕೇ ನಿಂತಿತು.

"ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ," ಎಂದಳು ವಿಜಯಲಕ್ಷ್ಮಿ. "ಮೊದಲಿನಾಕಿ ತವರುಮನಿನ ಎರಡನೇದಾಕಿಗೂ ತವರುಮನಿ ಅಂತಾರಲ್ರಿ. ನನಗ ಹಿಂದ ಮುಂದ ಯಾರೂ ಇದ್ದಿಲ್ಲ. ಪಂಚಮಿಗೆ ಕರಿಯಾಕ ಬರ್ತೀರೇನೋ ಅಂತ ಮದವಿ ಆದ ಹೊಸದರಾಗ ಬಾಗಲದಾಗ ನಿಂದರತಿದ್ದೆ. ಒಮ್ಮಿನೂ ಬರಲಿಲ್ಲ ನೀವು."

ಆ ಮನೆಯ ಬಾಗಿಲಲ್ಲಿ ಒಂದು ಹೆಣ್ಣುಜೀವ ವಿದ್ಯಾವತಿಯವರ ದಾರಿ ಕಾದಿದ್ದು ನಿಜವೇ ಆಗಿತ್ತು. ತಾವು ಸುಳ್ಳು ತಂಗಿಯೊಡನೆ ಮಾತಾಡುತ್ತ ಸಿಂದಗಿಯಲ್ಲಿ ಕುಳಿತಿದ್ದರು. ಕೊನೆಗೆ ಕೇಳಿದರು.

"ಯಾವತ್ತು ಹೋದ್ಲು?"

"ಶ್ರಾವಣದ ಕಡೀ ಸೋಮವಾರ್ರಿ. ಕೂಸು ಅಡ್ಡಾಗಿತ್ತಂತ, ಅದೂ ಉಳಿಲಿಲ್ಲ. ನಮ್ಮತ್ತಿ ಹೇಳತಿದ್ಲು." ಮುಂದಿನದನ್ನು ಹೇಳಲೋ ಬೇಡವೋ ಎಂದು ತಡೆದು, ಹೇಳಿದಳು. "ನಮ್ಮಕ್ಕ ಬಂದ್ಲೇನು, ಬಂದ್ಲೇನು ಅಂತ ಕೇಳಕೋತ ಇದ್ದಳಂತ್ರಿ."

ವಿದ್ಯಾವತಿ ಗಾಜಿನ ಪೆಟ್ಟಿಗೆ ಹಿಡಿದುಕೊಂಡರು. ವಿಜಯಲಕ್ಷ್ಮಿ ಬಂದು ಅವರ ಕೊರಳಿಗೆ ಬಿದ್ದಳು. ಹೆಣದ ಮನೆಯ ಅಂಗಳದಲ್ಲಿ ಅಳುವ ಹಾಗೆ ಇಬ್ಬರೂ ದನಿ ತೆಗೆದು ಅತ್ತರು. ಹೊರಗೆ ಯಾರೋ ಮೈಕು ಪರೀಕ್ಷಿಸುತ್ತ ಹಲೋ ಹಲೋ ಅನ್ನುತ್ತಿದ್ದರು.

ಕಾರ್ಯಕ್ರಮ ನಡೆಯಿತು. ಹಾರ ಬಿತ್ತು, ಶಾಲು ಬಿತ್ತು, ಪ್ರಿನ್ಸಿಪಾಲರು ಉದ್ದುದ್ದ ಮಾತಾಡಿದರು. ಒಂದೂ ವಿದ್ಯಾವತಿಯವರ ಕಿವಿಗೆ ಬೀಳಲಿಲ್ಲ. ಮುಗಿದ ಮೇಲೆ ವಿಜಯಲಕ್ಷ್ಮಿ ಬಸ್ ಸ್ಟ್ಯಾಂಡಿನ ಕಡೆ ಹೊರಟಳು. "ಇವತ್ತ ಹೋಗಬ್ಯಾಡವಾ, ಮನಿಗೆ ನಡಿ," ಎಂದು ಕೈ ಹಿಡಿದು ಕರೆದೊಯ್ದರು.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ವಿದ್ಯಾವತಿ ನಡುಮನೆಗೆ ಕಾಲಿಡದೆ ಹಿತ್ತಲಿನಿಂದಲೇ ಬಚ್ಚಲಿಗೆ ಹೋದರು. ಉಟ್ಟ ಸೀರೆಯಲ್ಲೇ ಕಲ್ಲಿನ ಮೇಲೆ ಕುಳಿತು, ಮುಡಿ ಬಿಚ್ಚಿದರು.

ವಿಜಯಲಕ್ಷ್ಮಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಥಂಡಿ ಐತ್ರಿ ಅಕ್ಕಾರ. ನೀರು ಕಾಸ್ಲೇನು?"

"ಬ್ಯಾಡ. ತಣ್ಣೀರು ಹಾಕು."

ವಿಜಯಲಕ್ಷ್ಮಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ತುಂಬಿದ ಕೊಡ ಎತ್ತಿ ಅವರ ತಲೆಯ ಮೇಲೆ ಸುರಿದಳು.