ಹದಿನೇಳನೆಯ ಮಂಚದ ಒಪ್ಪಿಗೆ

"ಸಂಜೆ ನಾಲ್ಕರೊಳಗೆ ಮೂವತ್ತು ಮಂಚವೂ ಖಾಲಿಯಾಗಬೇಕು, ಸಿಸ್ಟರ್," ಎಂದು ವೈದ್ಯಾಧಿಕಾರಿ ಆದೇಶದ ಹಾಳೆಯನ್ನು ಮೇಜಿನ ಮೇಲೆ ಮುಂದಕ್ಕೆ ಸರಿಸಿದರು.

ಮೂಳೆ ವಾರ್ಡಿನ ಹಿರಿಯ ದಾದಿ ಅದನ್ನು ಎರಡು ಸಲ ಓದಿದಳು. ಮಂಚಗಳನ್ನು ಸೇನೆಯ ಗಾಯಾಳುಗಳಿಗೆ ಕಾದಿರಿಸಬೇಕೆಂದಿತ್ತು. ನೆರೆಯ ದೇಶ ದಾಳಿಗೆ ಸಜ್ಜಾಗುತ್ತಿದ್ದರೂ, ರಾಷ್ಟ್ರಗಳ ಸಭೆಯ ಒಪ್ಪಿಗೆ ಸಿಗುವವರೆಗೆ ನಮ್ಮ ಸೈನಿಕನೊಬ್ಬನೂ ಗಡಿ ದಾಟುವುದಿಲ್ಲವೆಂದು ಮಂತ್ರಿಗಳು ಬೆಳಗ್ಗೆಯಷ್ಟೇ ರೇಡಿಯೋದಲ್ಲಿ ಗದ್ಗದ ಕಂಠದಿಂದ ಹೇಳಿದ್ದರು. ಸಭೆ ಸೇರುವುದು ಶನಿವಾರ. ಇಂದು ಗುರುವಾರ.

"ಒಪ್ಪಿಗೇನೇ ಬಂದಿಲ್ಲ, ಗಾಯಾಳುಗಳು ಎಲ್ಲಿಂದ ಬರ್ತಾರೆ ಡಾಕ್ಟ್ರೇ?"

"ಆ ದೇಶದವರು ಮೊದಲು ಹೊಡೆದ್ರೆ ಈ ಆಸ್ಪತ್ರೆಯ ಗೋಡೆನೂ ಉಳಿಯಲ್ಲ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡೋಕಾಗುತ್ತಾ?" ಅವರ ದನಿಯಲ್ಲಿ ಕಪಟವಿರಲಿಲ್ಲ; ಭಯವಿತ್ತು. "ಸಭೆಯವರು ಆಮೇಲೆ ಒಪ್ತಾರೆ. ಒಪ್ಪದೆ ಎಲ್ಲಿ ಹೋಗ್ತಾರೆ?"

"ಹದಿನೇಳನೇ ಮಂಚದ ಕಂಡಕ್ಟರ್ ಗತಿ? ತೊಡೆ ಮೂಳೆ ಕೂಡೋಕೆ ಇನ್ನೂ ಮೂರು ವಾರ ಬೇಕು. ಕಾಲನ್ನ ಎಳೆದು ಹಿಡಿಯೋಕೆ ರಾಟೆಗೆ ಕಟ್ಟಿರೋ ತೂಕ ಈಗಲೇ ಇಳಿಸಿದ್ರೆ ಕಾಲು ಗಿಡ್ಡ ಆಗುತ್ತೆ. ಕುಂಟೋ ಕಂಡಕ್ಟರನ್ನ ಬಸ್ಸಿಗೆ ಯಾರು ಹತ್ತಿಸ್ಕೋತಾರೆ?"

"ಸ್ವಂತ ಇಚ್ಛೆಯಿಂದ ಹೋಗ್ತಿದ್ದೀನಿ ಅಂತ ಬರೆಸ್ಕೊಳ್ಳಿ."

"ಅವನು ಬರ್ಕೊಡಲ್ಲ."

"ಮೊದಲು ಮಂಚ ಖಾಲಿಯಾಗ್ಲಿ. ಸಹಿ ಆಮೇಲೆ ಹಾಕಿಸಿದ್ರಾಯ್ತು."

ಇಪ್ಪತ್ತಾರು ವರ್ಷಗಳಲ್ಲಿ ಆಕೆ ಒಪ್ಪಿಗೆಯ ಕಾಗದವಿಲ್ಲದೆ ಒಬ್ಬ ರೋಗಿಯನ್ನೂ ಕದಲಿಸಿದವಳಲ್ಲ. ಅದಕ್ಕೇ ವಾರ್ಡು ಬೆನ್ನ ಹಿಂದೆ ಆಕೆಯನ್ನು ಸಹಿಯಮ್ಮ ಎನ್ನುತ್ತಿತ್ತು. ಕಂಡಕ್ಟರನಂತೂ ಮುಖದೆದುರೇ ಅನ್ನುತ್ತಿದ್ದ: "ಸಹಿಯಮ್ಮ, ಕೆಮ್ಮು ಬರ್ತಿದೆ. ಕಾಗದ ತನ್ನಿ, ಕೆಮ್ತೀನಿ." ನಿನ್ನೆ ಯುದ್ಧದ ಮಾತು ಬಂದು ಪಕ್ಕದ ಮಂಚದ ಗಾರೆ ಕೆಲಸದವನು, "ಹಾವು ಕಚ್ಚೋವರೆಗೂ ಊರೋರ ಅಪ್ಪಣೆಗೆ ಕಾಯ್ಬೇಕೇನಯ್ಯಾ?" ಎಂದು ರೇಗಿದಾಗ ಕಂಡಕ್ಟರನೇ ಹೇಳಿದ್ದ: "ಹಾವೋ ಹಗ್ಗಾನೋ ಅಂತ ನಾಲ್ಕು ಜನ ನೋಡ್ಲಿ ಬಿಡಣ್ಣ. ನಿನ್ನ ದೊಣ್ಣೆಗೆ ಕಣ್ಣಿಲ್ಲ."

ವಾದಿಸಿ, ಬೇಡಿಕೊಂಡು, ಕಡೆಗೆ "ಈ ಕೆಲಸ ನನ್ನ ಕೈಲಿ ಆಗಲ್ಲ" ಎಂದು ಎದ್ದು ಆಕೆ ವಾರ್ಡಿಗೆ ಮರಳುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಆಳುಗಳು ಆಕೆಗಾಗಿ ಕಾದಿರಲಿಲ್ಲ. ಗಾರೆಯವನು ಕಂಕುಳಿಗೆ ಊರುಗೋಲು ಸಿಕ್ಕಿಸಿ ಬಾಗಿಲಲ್ಲಿ ನಿಂತಿದ್ದ. ನಿನ್ನೆಯ ಆವೇಶವೆಲ್ಲ ಅವನ ಮುಖದಿಂದ ಇಳಿದುಹೋಗಿತ್ತು. ಹದಿನೇಳನೆಯ ಮಂಚಕ್ಕೆ ಒಗೆದ ಹೊದಿಕೆ ಬಿದ್ದಿತ್ತು. ದಿಂಬಿನ ಮೇಲೆ ಒಪ್ಪಿಗೆಯ ಕಾಗದ. ಸಹಿಯ ಜಾಗ ಖಾಲಿ.

ಆಕೆ ಅದನ್ನು ಕೈಯಲ್ಲಿ ಹಿಡಿದೇ ಮೆಟ್ಟಿಲಿಳಿದು ಓಡಿದಳು. ಹಿಂಬಾಗಿಲಲ್ಲಿ ನಿಂತಿದ್ದ ವ್ಯಾನಿನೊಳಗೆ ಕಂಡಕ್ಟರ್ ಮಲಗಿದ್ದ. ಕಾಲಿಗೆ ಎರಡು ಹಲಗೆ ಬಿಗಿದಿದ್ದರು. ನೋವಿಗೆ ಕಚ್ಚಿ ಹಿಡಿದ ತುಟಿಯಲ್ಲಿ ರಕ್ತ ಒಸರಿತ್ತು. ಕಾಗದ ಕಂಡು ನಗಲು ನೋಡಿದ.

"ಪ್ರಯಾಣಿಕನ್ನ ಇಳಿಸಿ ಆದ್ಮೇಲೆ ಎಲ್ಲಿ ಇಳೀತೀಯಪ್ಪ ಅಂತ ಕೇಳೋಕೆ ಬಂದ್ರಾ, ಸಹಿಯಮ್ಮ?"

ಆಕೆ ವ್ಯಾನಿನೊಳಗೆ ಬಾಗಿ ಹಲಗೆಯ ಕಟ್ಟನ್ನು ಮುಟ್ಟಿ ನೋಡಿದಳು.

"ನಿಮ್ಮ ಕೆಲಸಕ್ಕೆ ಕುತ್ತು ಅನ್ನೋದಾದ್ರೆ ಕೊಡಿ, ಗೀಚ್ತೀನಿ. ನನ್ನ ಕಾಲಂತೂ ಹೋಯ್ತು."

"ಬೇಡಪ್ಪ," ಎಂದಳು. ಚಾಲಕ ಬಾಗಿಲು ಎಳೆದುಕೊಂಡ.

ವಾರ್ಡಿನ ತನ್ನ ಮೇಜಿಗೆ ಬಂದು, ರೋಗಿ ಸಹಿ ಹಾಕಬೇಕಾದ ಜಾಗದಲ್ಲಿ "ಕೇಳದೆ ಕಳುಹಿಸಲಾಗಿದೆ" ಎಂದು ದುಂಡಗೆ ಬರೆದಳು. ಗಂಟೆ ನಮೂದಿಸಿದಳು. ಕೆಳಗೆ ತನ್ನ ಪೂರ್ಣ ಸಹಿ ಹಾಕಿ, ನಾಳೆ ಇದಕ್ಕೆ ಏನು ಉತ್ತರ ಬರುವುದೆಂದು ಗೊತ್ತಿದ್ದೂ ಹಾಳೆಯನ್ನು ವೈದ್ಯಾಧಿಕಾರಿಯ ಕಡತಕ್ಕೆ ಸೇರಿಸಿದಳು. ಕಾರಿಡಾರಿನ ರೇಡಿಯೋ, ಶನಿವಾರದ ಸಭೆಯಲ್ಲಿ ದೇಶಕ್ಕೆ ಅಚಲ ವಿಶ್ವಾಸವಿದೆ ಎನ್ನುತ್ತಿತ್ತು.

ನಾಲ್ಕು ಗಂಟೆಗೆ ಮೂವತ್ತು ಮಂಚಗಳೂ ಬಿಳಿಯಾಗಿ, ಸಾಲಾಗಿ ಕಾದಿದ್ದವು. ಅವುಗಳ ಮೇಲೆ ಮಲಗಬೇಕಾದವರು ಈ ಹೊತ್ತು ಎಲ್ಲೋ ಎರಡೂ ಕಾಲಿಗೆ ಬೂಟು ಏರಿಸುತ್ತಿರಬಹುದು. ಹದಿನೇಳನೆಯದರ ತುದಿಯಲ್ಲಿ, ತೂಕ ಕಳಚಿದ ಹಗ್ಗ ರಾಟೆಯಿಂದ ಜೋತು ತೂಗುತ್ತಿತ್ತು. ಆಕೆ ಅದನ್ನು ಹಿಡಿದು ನಿಲ್ಲಿಸಿದಳು. ಕೈಬಿಟ್ಟೊಡನೆ ಫ್ಯಾನಿನ ಗಾಳಿಗೆ ಅದು ಮತ್ತೆ ತೂಗತೊಡಗಿತು.